ಗೆಳೆಯನಿಗೊಂದು ಪತ್ರ: ಸ್ಪೇನ್ ಪಿನ್ ಹಿಡ್ಕೊಂಡಿದ್ದ ಆ ಚೀನಾ ಹುಡುಗಿ

ಲೋ ಮಗಾ,

ಫೋನ್ ಮಾಡೋಣ ಅಂತ ಮೂರು ಸಲ ನಿನ್ನ ನಂಬರ್ ತೆಗೆದು ಮೂರು ಸಲನೂ ಹಂಗೇ ಇಟ್ಟೆ. ಹೆಂಗೂ ಮಂಚದ ಮೇಲೆ ಕಾಲು ಚಾಚ್ಕೊಂಡು ಬಿದ್ದಿದೀಯ, ಟೈಮ್ ಇದೆ, ಅದಕ್ಕೇ ಬರೀತಿದೀನಿ. ಉದ್ದ ಆಗುತ್ತೆ, ಬೈಕೋಬೇಡ.

ಮೊನ್ನೆ ನೀನು ಕಳಿಸಿದ ವಾಯ್ಸ್ ಮೆಸೇಜ್ ಕೇಳಿದೆ. "ಏನೋ ಫೈನಲಿಸ್ಟು, ಕಪ್ ಶೋಕೇಸಲ್ಲಿ ಇಟ್ಟಿದೀಯಾ" ಅಂತ ನಕ್ಕಿದೀಯಲ್ಲ, ತಮಾಷೆಗೇ ಅಂದಿದ್ದು ಅಂತ ಗೊತ್ತು, ಆದ್ರೆ ನನಗೆ ನಗು ಬರ್ಲಿಲ್ಲ ಕಣೋ. ನಮ್ ಲೇಔಟ್ ಬ್ಯಾಡ್ಮಿಂಟನ್ ಟೂರ್ನಮೆಂಟ್ ಸೆಮಿಫೈನಲ್, ನೀನೂ ನಾನೂ, ಮೊದಲ ಗೇಮ್ ನಿಂದು, ಎರಡನೇದ್ರಲ್ಲೂ ನೀನೇ ಮುಂದೆ ಇದ್ದೆ, ಹಿಂದಕ್ಕೆ ಹಾರಿ ಹೊಡೆದು ಕೆಳಗೆ ಇಳಿಯುವಾಗ ಬಂತಲ್ಲ ಆ 'ಟಪ್' ಅನ್ನೋ ಶಬ್ದ, ನೆಟ್ ಈ ಕಡೆ ಇದ್ದ ನನಗೂ ಕೇಳಿಸ್ತು. ನಿನಗೆ ಮುಂದೆ ಆಡೋಕೆ ಆಗ್ಲಿಲ್ಲ, ಹಂಗಾಗಿ ಫೈನಲ್ ನಾನು ಆಡ್ದೆ, ಸೋತೆ, ರನ್ನರ್ ಅಪ್ ಕಪ್ ಕೊಟ್ರು. ಅದು ಅಟ್ಟದ ಮೇಲೆ ಪೇಪರಲ್ಲಿ ಸುತ್ತಿಟ್ಟಿದೀನಿ. ಅಮ್ಮ ಕೇಳಿದ್ರೆ ಕೋರ್ಟಲ್ಲೇ ಇದೆ ಅಂತ ಸುಳ್ಳು ಹೇಳಿದೀನಿ.

ಆ ರಾತ್ರಿ ನಿದ್ದೆ ಬರ್ದೆ ಮಲಗಿದ್ದಾಗ ನನ್ ತಲೇಲಿ ಓಡ್ತಾ ಇದ್ದಿದ್ದು ಚೀನಾದ ಬ್ಯಾಡ್ಮಿಂಟನ್ ಆಟಗಾರ್ತಿ ಹೆ ಬಿಂಗ್‌ಜಿಯಾವೊ. ಹ್ಞೂಂ, ನಿನಗೆ ಆಗದೇ ಇರೋ ಅದೇ ಹೆ ಬಿಂಗ್‌ಜಿಯಾವೊ.

ನೆನಪಿದ್ಯಾ, 2021ರ ಆಗಸ್ಟ್ 1, ಭಾನುವಾರ ಸಂಜೆ, ನಿಮ್ಮನೇಲಿ ಕೂತು ಟೋಕಿಯೊ ಒಲಿಂಪಿಕ್ಸ್ ಕಂಚಿನ ಪದಕದ ಮ್ಯಾಚ್ ನೋಡಿದ್ವಿ. ಸಿಂಧು 21-13, 21-15ರಲ್ಲಿ ಗೆದ್ದಾಗ ನೀನು ಕೂಗಿದ ಕೂಗಿಗೆ ಮೇಲಿನ ಮನೆಯವರು ಕೆಳಗೆ ಇಳಿದು ಬಂದ್ರು. ನೆಟ್ಟಿನ ಆ ಕಡೆ ಯಾರಿದ್ರು ಅಂತ ನಾವಿಬ್ರೂ ನೋಡೇ ಇರ್ಲಿಲ್ಲ, ಯಾರೋ ಒಬ್ಬಳು ಎಡಗೈ ಚೀನಾದವಳು ಅಷ್ಟೇ. ಸರಿಯಾಗಿ ಮೂರು ವರ್ಷ ಆದ್ಮೇಲೆ, 2024ರ ಆಗಸ್ಟ್ 1, ಗುರುವಾರ ರಾತ್ರಿ, ತಾರೀಖೂ ಅದೇ ನೋಡು, ಪ್ಯಾರಿಸ್‌ನಲ್ಲಿ ಪ್ರೀ ಕ್ವಾರ್ಟರ್‌ಫೈನಲ್, ಅದೇ ಇಬ್ರು, ಈ ಸಲ 21-19, 21-14, ಸಿಂಧು ಮನೆಗೆ. ರಿಯೊದಲ್ಲಿ ಬೆಳ್ಳಿ, ಟೋಕಿಯೊದಲ್ಲಿ ಕಂಚು, ಮೂರನೇ ಪದಕ ಬರುತ್ತೆ ಅಂತ ಕಾಯ್ತಿದ್ದ ನಮಗೆಲ್ಲ ತಣ್ಣೀರು. ನೀನು ಗ್ರೂಪಲ್ಲಿ ಅವಳಿಗೆ ಬೈದು ಹಾಕಿದ ಮೆಸೇಜ್ ಇನ್ನೂ ನನ್ ಫೋನಲ್ಲಿದೆ, ಇಲ್ಲಿ ಬರೆಯೋ ಹಾಗಿಲ್ಲ.

ನಾನು ಮಾತ್ರ ಆವತ್ತಿಂದ ಅವಳ ಹಿಂದೆ ಬಿದ್ದೆ. ಹಳೇ ಮ್ಯಾಚ್‌ಗಳನ್ನೆಲ್ಲ ಹುಡುಕಿ ಹುಡುಕಿ ನೋಡ್ದೆ. ಮೊದಲು ಹೆಸರಿನ ವಿಷಯ ಕ್ಲಿಯರ್ ಮಾಡ್ಕೋ, 'ಹೆ' ಅನ್ನೋದು ಮನೆತನದ ಹೆಸರು, ನಮ್ಮಲ್ಲಿ ಇನಿಶಿಯಲ್ ಮುಂದೆ ಬರಲ್ವಾ ಹಂಗೆ ಅವರಲ್ಲಿ ಮನೆತನ ಮುಂದೆ. ಬಿಂಗ್ ಅಂದ್ರೆ ಮಂಜುಗಡ್ಡೆ, ಜಿಯಾವೊ ಅಂದ್ರೆ ಮುದ್ದು, ಕೋಮಲ ಅಂತೆಲ್ಲ ಅರ್ಥ ಬರುತ್ತೆ. ಹುಟ್ಟಿದ್ದು 1997ರ ಮಾರ್ಚ್‌ನಲ್ಲಿ, ಜಿಯಾಂಗ್ಸು ಪ್ರಾಂತ್ಯದ ಸುಜೌ ಅನ್ನೋ ಊರಲ್ಲಿ, ಕಾಲುವೆ, ಹಳೇ ತೋಟ, ರೇಷ್ಮೆ ಇವಕ್ಕೆಲ್ಲ ಹೆಸರಾದ ಊರು ಅದು. ಚೀನಾದಲ್ಲಿ ನಮ್ ಥರ ಅಪ್ಪ ಸ್ಕೂಟರಲ್ಲಿ ಕೋಚಿಂಗ್‌ಗೆ ಬಿಟ್ಟು ಹೋಗೋ ಕಥೆ ಕಡಿಮೆ, ಚಿಕ್ಕೋರಿದ್ದಾಗಲೇ ಕ್ರೀಡಾ ಶಾಲೆ, ಅಲ್ಲಿಂದ ಪ್ರಾಂತ್ಯದ ಟೀಮು, ಅದರಲ್ಲಿ ಸೋಸಿ ಸೋಸಿ ಉಳಿದೋರು ನ್ಯಾಷನಲ್ ಟೀಮು. ಒಂದೊಂದು ಮೆಟ್ಟಿಲಲ್ಲೂ ಎಷ್ಟು ಮಕ್ಕಳು ಉದುರಿ ಹೋಗ್ತಾರೋ ಲೆಕ್ಕ ಇಟ್ಟೋರು ಯಾರು.

2014ರಲ್ಲಿ ಯೂತ್ ಒಲಿಂಪಿಕ್ಸ್ ನಡೆದಿದ್ದು ನಾನ್‌ಜಿಂಗ್‌ನಲ್ಲಿ, ಅವಳದೇ ಪ್ರಾಂತ್ಯದ ರಾಜಧಾನಿ. ಹದಿನೇಳು ವರ್ಷ ಅವಳಿಗೆ. ಫೈನಲ್‌ನಲ್ಲಿ ಜಪಾನಿನ ಅಕಾನೆ ಯಾಮಗುಚಿನ ಸೋಲಿಸಿ ಚಿನ್ನ ತಗೊಂಡ್ಳು. ಯಾಮಗುಚಿ ಅಂದ್ರೆ ಮುಂದೆ ವರ್ಲ್ಡ್ ಚಾಂಪಿಯನ್ ಆದ ಅದೇ ಪುಟಾಣಿ ಯಾಮಗುಚಿ. ಅಲ್ಲಿ ಇನ್ನೊಂದು ಮಜಾ ಇತ್ತು, ಡಬಲ್ಸ್‌ಗೆ ಬೇರೆ ಬೇರೆ ದೇಶದವರನ್ನ ಜೋಡಿ ಮಾಡಿ ಬಿಡ್ತಿದ್ರು, ಇವಳಿಗೆ ಶ್ರೀಲಂಕಾದ ಹುಡುಗ ಸಿಕ್ಕಿದ್ದ, ಅದರಲ್ಲಿ ಕಂಚು. ಅದೇ ಕೂಟದಲ್ಲಿ ಹುಡುಗರ ಸಿಂಗಲ್ಸ್ ಗೆದ್ದಿದ್ದು ಶಿ ಯುಕಿ, ಅವನೂ ಜಿಯಾಂಗ್ಸುದವನೇ, 2025ರಲ್ಲಿ ವರ್ಲ್ಡ್ ಚಾಂಪಿಯನ್ ಆದ್ನಲ್ಲ ಅವನೇ. ಅಂದ್ರೆ ಜೂನಿಯರ್ ಕಾಲದಲ್ಲಿ ಇವಳು ಸಣ್ಣ ಹೆಸರಲ್ಲ, ಮುಂದಿನ ರಾಣಿ ಇವಳೇ ಅಂದ್ಕೊಂಡಿದ್ದಿರಬೇಕು ಎಲ್ರೂ.

ಆಗಿನ ಪರಿಸ್ಥಿತಿ ಹೆಂಗಿತ್ತು ಅಂತ ಹೇಳ್ಲೇಬೇಕು, ಇಲ್ದಿದ್ರೆ ಅವಳ ತಲೆ ಮೇಲಿದ್ದ ಭಾರ ಗೊತ್ತಾಗಲ್ಲ. ಒಲಿಂಪಿಕ್ಸ್ ಮಹಿಳಾ ಸಿಂಗಲ್ಸ್ ಚಿನ್ನ 2000ದಲ್ಲಿ ಗಾಂಗ್ ಝಿಚಾವೊ, 2004 ಮತ್ತು 2008 ಎರಡೂ ಜಾಂಗ್ ನಿಂಗ್, 2012ರಲ್ಲಿ ಲಿ ಶುಯೆರುಯಿ. ನಾಲ್ಕಕ್ಕೆ ನಾಲ್ಕೂ ಚೀನಾ. ಲಂಡನ್‌ನಲ್ಲಂತೂ ಫೈನಲ್ ಆಡಿದ ಇಬ್ರೂ ಅವರೇ. ಆಮೇಲೆ 2016 ರಿಯೊ ಬಂತು ನೋಡು, ಮಹಿಳಾ ಸಿಂಗಲ್ಸ್‌ನಲ್ಲಿ ಅವರಿಗೆ ಒಂದು ಪದಕನೂ ಇಲ್ಲ. ವಾಂಗ್ ಯಿಹಾನ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ನಮ್ ಸಿಂಧು ಮುಗಿಸಿದ್ಳು. ಲಿ ಶುಯೆರುಯಿ ಸೆಮಿಫೈನಲ್‌ನಲ್ಲಿ ಸ್ಪೇನಿನ ಕ್ಯಾರೊಲಿನಾ ಮರಿನ್ ಎದುರು ಸೋತ್ಳು, ಬರೀ ಸೋತಿದ್ದಲ್ಲ, ಮೊಣಕಾಲಿನ ಲಿಗಮೆಂಟ್ ಹೋಯ್ತು, ಕಂಚಿನ ಮ್ಯಾಚಿಗೆ ಇಳಿಯೋಕೇ ಆಗ್ಲಿಲ್ಲ, ಜಪಾನಿನ ಒಕುಹಾರಾಗೆ ಆಡ್ದೇನೇ ಕಂಚು. ವಾಂಗ್ ಯಿಹಾನ್ ಆ ವರ್ಷನೇ ನಿವೃತ್ತಿ, ಲಿ ಕಾಲು ಕಟ್ಕೊಂಡು ಮನೇಲಿ. ದೊಡ್ಡೋರೆಲ್ಲ ಒಟ್ಟಿಗೆ ಖಾಲಿ. ಹತ್ತೊಂಬತ್ತು ವರ್ಷದ ಬಿಂಗ್‌ಜಿಯಾವೊ, ಅವಳಿಗಿಂತ ಒಂದು ವರ್ಷ ಚಿಕ್ಕೋಳು ಚೆನ್ ಯುಫೇ, ಈ ಹುಡುಗಿಯರ ಮೇಲೆ ಪೂರ್ತಿ ಚೀನಾ ಕಣ್ಣು. ಆ ವರ್ಷ ಫ್ರೆಂಚ್ ಓಪನ್ ಗೆದ್ದಳು ಬಿಂಗ್‌ಜಿಯಾವೊ, ಎಲ್ಲ ಸರಿ ಹೋಗ್ತಿದೆ ಅನ್ನಿಸ್ತು.

ಆದ್ರೆ ರಾಣಿ ಆಗಿದ್ದು ಚೆನ್ ಯುಫೇ. ಟೋಕಿಯೊ ಚಿನ್ನ ಅವಳ್ದು, ಸೆಮಿಫೈನಲ್‌ನಲ್ಲಿ ಮೂರು ಗೇಮ್ ಆಡಿ ಸೋತವಳು ಬಿಂಗ್‌ಜಿಯಾವೊ. ವರ್ಲ್ಡ್ ಚಾಂಪಿಯನ್‌ಶಿಪ್‌ನಲ್ಲಿ 2018ರಲ್ಲಿ ಕಂಚು, ಅದೂ ಅದೇ ನಾನ್‌ಜಿಂಗ್‌ನಲ್ಲಿ, ಮರಿನ್ ಎದುರು ಮೊದಲ ಗೇಮ್ ಗೆದ್ದು ಆಮೇಲೆ ಎರಡು ಬಿಟ್ಳು. 2021ರಲ್ಲಿ ಮತ್ತೆ ಕಂಚು, ಆ ಸಲ ಸೋತಿದ್ದು ತೈವಾನಿನ ತೈ ಝು-ಯಿಂಗ್ ಎದುರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್, ಕ್ವಾರ್ಟರ್‌ಫೈನಲ್‌ನಲ್ಲಿ ಸಿಂಧುನ ಸೋಲಿಸಿದ್ಳು, ಆಮೇಲೆ ಕಂಚು. ನಮ್ ಕಡೆ ಮದುವೇಲಿ ಯಾವಾಗ್ಲೂ ಮೂರನೇ ಪಂಕ್ತೀಲಿ ಊಟಕ್ಕೆ ಕೂರೋರು ಇರ್ತಾರಲ್ಲ, ಬಡಿಸೋ ಹೊತ್ತಿಗೆ ಹೋಳಿಗೆ ಮುಗಿದಿರುತ್ತೆ, ಹಂಗೆ ಇವಳು.

ಆಟ ಮಾತ್ರ ನೋಡ್ಬೇಕು ಮಗಾ. ನೀನು ಎಡಚ, ನಿನಗೆ ಇದು ಬೇಗ ಅರ್ಥ ಆಗುತ್ತೆ. ಹಾರಿ ಹಾರಿ ಹೊಡೆಯೋ ಆಟ ಅಲ್ಲ ಅವಳ್ದು, ಕೋರ್ಟ್ ತುಂಬಾ ಓಡೋ ಆಟನೂ ಅಲ್ಲ, ಅವಳ ಫಿಟ್‌ನೆಸ್ ಬಗ್ಗೆ ಮಾತಾಡೋರಿಗೆ ಕೊರತೆನೇ ಇರ್ಲಿಲ್ಲ. ಎಲ್ಲ ಮಣಿಕಟ್ಟಲ್ಲಿ. ರಾಕೆಟ್ ಎತ್ತಿದಾಗ ಸ್ಮ್ಯಾಶ್ ಬರುತ್ತೆ ಅಂತ ಎದುರಿನವಳು ಹಿಂದೆ ಕಾಲಿಡೋದ್ರೊಳಗೆ ಶಟ್ಲ್ ನೆಟ್ ಸವರಿಕೊಂಡು ಆ ಮೂಲೇಲಿ ಬಿದ್ದಿರುತ್ತೆ. ಹದಿನಾರು ಗರಿನೂ ಒಂದರ ಮೇಲೊಂದು ಒಂದೇ ದಿಕ್ಕಿಗೆ ಜೋಡಿಸಿರ್ತಾರಲ್ಲ, ಹಂಗಾಗಿ ಶಟ್ಲ್ ತಿರುಗೋದೂ ಒಂದೇ ದಿಕ್ಕಿಗೆ, ಎಡಗೈಯವರು ಸ್ಲೈಸ್ ಮಾಡಿದ್ರೆ, ಅಂದ್ರೆ ಓರೆಯಾಗಿ ಸವರಿ ಹೊಡೆದ್ರೆ, ಬಲಗೈಯವರದ್ದರ ಥರ ಬರಲ್ಲ. ನಿನ್ ಡ್ರಾಪ್ ನನಗೆ ಹತ್ತು ವರ್ಷ ಆದ್ರೂ ಯಾಕೆ ಸಿಗ್ತಿಲ್ಲ ಅಂತ ಇವಳ ಮ್ಯಾಚ್ ನೋಡಿದ್ಮೇಲೇ ನನಗೆ ಹೊಳೆದಿದ್ದು.

2019ರ ಕೊರಿಯಾ ಓಪನ್ ಫೈನಲ್ ನೋಡು ಪುರುಸೊತ್ತಾದಾಗ, ಈಗಂತೂ ಪುರುಸೊತ್ತೇ ಪುರುಸೊತ್ತು ನಿನಗೆ. ಥಾಯ್ಲೆಂಡಿನ ರಚನೋಕ್ ಎದುರು 18-21, 24-22, 21-17. ಇಬ್ರೂ ಕೈಚಳಕದವರು. 2022ರ ಅಕ್ಟೋಬರ್‌ನಲ್ಲಿ ಡೆನ್ಮಾರ್ಕ್ ಓಪನ್ ಫೈನಲ್‌ನಲ್ಲಿ ಚೆನ್ ಯುಫೇನ ಸೋಲಿಸಿದ್ಳು, ಅದರ ಬೆನ್ನಿಗೇ ಪ್ಯಾರಿಸ್‌ನಲ್ಲಿ ಫ್ರೆಂಚ್ ಓಪನ್, ಫೈನಲ್‌ನಲ್ಲಿ ಎದುರಿಗೆ ಮರಿನ್, ಮೊದಲ ಗೇಮ್ ಸೋತು ಕೊನೇ ಗೇಮ್ 22-20ರಲ್ಲಿ ಗೆದ್ಳು. ಈ ಮ್ಯಾಚ್ ನೆನಪಿಟ್ಕೋ. ಪ್ಯಾರಿಸ್, ಮರಿನ್.

ಒಲಿಂಪಿಕ್ಸ್‌ಗೆ ಹೋಗೋದೇ ಅವರಲ್ಲಿ ಒಂದು ಯುದ್ಧ. ಒಂದು ದೇಶದಿಂದ ಸಿಂಗಲ್ಸ್‌ಗೆ ಜಾಸ್ತಿ ಅಂದ್ರೆ ಇಬ್ರು, ಅದೂ ಇಬ್ರೂ ರ್‍ಯಾಂಕಿಂಗ್‌ನಲ್ಲಿ ಮೊದಲ ಹದಿನಾರರೊಳಗೆ ಇದ್ರೆ. ಚೆನ್ ಯುಫೇ, ಬಿಂಗ್‌ಜಿಯಾವೊ, ಹಾನ್ ಯುವೆ, ವಾಂಗ್ ಝಿಯಿ, ನಾಲ್ಕು ಜನ ಎರಡು ಸೀಟಿಗೆ. ಬೇರೆ ಯಾವ ದೇಶದಲ್ಲಿ ಹುಟ್ಟಿದ್ರೂ ಆ ನಾಲ್ಕೂ ಜನ ನಂಬರ್ ಒನ್ ಆಗಿರೋರು ಅಥವಾ ಅದಕ್ಕೆ ಹತ್ರ ಇರೋರು. 2023ರ ಮೇ ಇಂದ 2024ರ ಏಪ್ರಿಲ್ ತನಕ ಟೂರ್ನಿ ಮೇಲೆ ಟೂರ್ನಿ, ಸೀಟು ಸಿಕ್ಕಿದ್ದು ಚೆನ್ ಮತ್ತೆ ಇವಳಿಗೆ. ಅದಾದ್ಮೇಲೆ ಚೆಂಗ್ದುನಲ್ಲಿ ಊಬರ್ ಕಪ್, ಅಂದ್ರೆ ದೇಶ ದೇಶಗಳ ಹೆಂಗಸರ ಟೀಮ್ ಟೂರ್ನಿ, ಅದರ ಫೈನಲ್, ಇಂಡೊನೇಷ್ಯಾ ಎದುರು 2-0 ಇದ್ದಾಗ ಇಳಿದು, ಮೊದಲ ಗೇಮ್ ಬರೀ 10 ಪಾಯಿಂಟ್‌ಗೆ ಕಳ್ಕೊಂಡು, ಆಮೇಲೆ ಗೆದ್ದು ಕಪ್ ಮುಗಿಸಿದ್ದು ಬಿಂಗ್‌ಜಿಯಾವೊನೇ.

ಸರಿ, ಪ್ಯಾರಿಸ್. ಸಿಂಧುನ ಸೋಲಿಸಿದ್ಳಲ್ಲ, ಕ್ವಾರ್ಟರ್‌ಫೈನಲ್‌ನಲ್ಲಿ ಎದುರಿಗೆ ಬಂದಿದ್ದು ಚೆನ್ ಯುಫೇ. ಹತ್ತು ವರ್ಷದಿಂದ ಜೊತೇಲಿ ಪ್ರಾಕ್ಟೀಸ್ ಮಾಡಿದವಳು, ಹಾಲಿ ಚಾಂಪಿಯನ್ನು, ಟೋಕಿಯೊದಲ್ಲಿ ಇವಳ ದಾರಿ ಮುಚ್ಚಿದವಳು. 21-16, 21-17. ನನ್ ಪ್ರಕಾರ ಅವಳ ಕೆರಿಯರ್‌ನಲ್ಲೇ ದೊಡ್ಡ ಗೆಲುವು ಅದೇ, ಜನ ಮಾತ್ರ ಅದನ್ನ ಮರೆತೇ ಬಿಟ್ಟಿದಾರೆ, ಯಾಕಂದ್ರೆ ಮಾರನೇ ದಿನ ಆಗಿದ್ದು ಅಂಥಾದ್ದು.

ಆಗಸ್ಟ್ 4, ಸೆಮಿಫೈನಲ್, ಮರಿನ್. ಎರಡೂ ಕಡೆ ಎಡಗೈ. ಮರಿನ್ ಕಾಲಿನ ಕಥೆ ನಿನಗೆ ಗೊತ್ತಿರ್ಬೇಕು. 2019ರ ಜನವರಿಯಲ್ಲಿ ಇಂಡೊನೇಷ್ಯಾ ಮಾಸ್ಟರ್ಸ್ ಫೈನಲ್, ಎದುರಿಗೆ ನಮ್ ಸೈನಾ, ಮರಿನ್ 10-4 ಮುಂದೆ ಇದ್ಳು, ಬಲಗಾಲು ಮೊಣಕಾಲು ಹೋಯ್ತು, ಟೈಟಲ್ ಸೈನಾಗೆ. ವಾಪಸ್ ಬಂದ್ಳು. 2021ರಲ್ಲಿ ಟೋಕಿಯೊಗೆ ಸ್ವಲ್ಪ ದಿನ ಇದೆ ಅನ್ನುವಾಗ ಎಡಗಾಲು. ಮತ್ತೆ ವಾಪಸ್ ಬಂದ್ಳು. ಪ್ಯಾರಿಸ್‌ನಲ್ಲಿ ಆವತ್ತು ಅವಳು ಆಡ್ತಿದ್ದ ಆಟ ನೋಡಿದ್ರೆ ಬಿಂಗ್‌ಜಿಯಾವೊಗೆ ಉಸಿರಾಡೋಕೂ ಜಾಗ ಇರ್ಲಿಲ್ಲ. ಮೊದಲ ಗೇಮ್ 21-14. ಎರಡನೇದ್ರಲ್ಲಿ ಮರಿನ್ 10ಕ್ಕೆ ಬಂದಿದ್ಳು, ಇನ್ನೊಂದು ಪಾಯಿಂಟ್ ಆಗಿದ್ರೆ ಇಂಟರ್ವಲ್, ಕೂತು ನೀರು ಕುಡಿಯೋರು. ಅಷ್ಟ್ರಲ್ಲಿ ಇಳಿಯುವಾಗ ಬಲಗಾಲು ತಿರುಗ್ತು. ಅದೇ ಬಲಗಾಲು. ನೆಲದ ಮೇಲೆ ಬಿದ್ಳು. ಎದ್ದು, ಮೊಣಕಾಲಿಗೆ ಬ್ರೇಸ್ ಹಾಕ್ಕೊಂಡು ಮತ್ತೆ ನಿಂತ್ಕೊಂಡ್ಳು ಕಣೋ, ಎರಡು ಪಾಯಿಂಟ್ ಆಡಿದ್ಳು, ಆಗ್ಲಿಲ್ಲ. ಮಂಡಿಯೂರಿ ಮುಖ ಮುಚ್ಕೊಂಡು ಅತ್ಳು, ಇಡೀ ಸ್ಟೇಡಿಯಂ ಸುಮ್ನಾಯ್ತು. 21-14, 10-8. ಸ್ಕೋರ್‌ಬೋರ್ಡ್ ನೋಡಿದ್ರೆ ಮರಿನ್ ಮುಂದೆ, ಫೈನಲ್‌ಗೆ ಹೋಗಿದ್ದು ಬಿಂಗ್‌ಜಿಯಾವೊ.

ನಾವು ಇದಕ್ಕೆ ಕ್ರಿಕೆಟ್ ಭಾಷೇಲಿ ರಿಟೈರ್ಡ್ ಹರ್ಟ್ ಅಂತೀವಿ, ಪೇಪರಿನವರು ಅರ್ಧ ಲೈನಲ್ಲಿ ಬರೆದು ಮುಗಿಸ್ತಾರೆ. ಆ ಕಡೆ ನಿಂತವಳು ಏನ್ ಮಾಡ್ಬೇಕು ಹೇಳು? ಕೈ ಎತ್ತೋ ಹಾಗಿಲ್ಲ, ಖುಷಿ ಪಡೋ ಹಾಗಿಲ್ಲ, ನಾನು ಆಡಲ್ಲ ಅಂತ ಹೇಳೋ ಹಾಗೂ ಇಲ್ಲ. ಇಪ್ಪತ್ತು ವರ್ಷ ಕಾದಿದ್ದು ಒಲಿಂಪಿಕ್ಸ್ ಫೈನಲ್, ಬಂದಿದ್ದು ಇನ್ನೊಬ್ಬಳ ಮೊಣಕಾಲಿಂದ. ಬಿಂಗ್‌ಜಿಯಾವೊ ಮರಿನ್ ಹತ್ರ ಹೋಗಿ ಸಮಾಧಾನ ಮಾಡಿದ್ಳು, ಅವಳ ಕಣ್ಣಲ್ಲೂ ನೀರು. ನಾನು ಆವತ್ತು ಟೀವಿ ಮುಂದೆ ಕೂತು, ಸುಮ್ನೆ ನಾಟಕ ಅಂದಿದ್ದೆ. ನಾಲಿಗೆಗೆ ಏನು, ಎಲುಬಿಲ್ಲ.

ಹಿಂದೆ ನೋಡ್ತಾ ಹೋದ್ರೆ ಮಹಿಳಾ ಸಿಂಗಲ್ಸ್‌ಗೂ ಮೊಣಕಾಲಿಗೂ ಏನೋ ಹಳೇ ಸಾಲ ಇದೆ ಅನ್ಸುತ್ತೆ. 2012ರ ಲಂಡನ್, ಸೈನಾ ಕಂಚು, ನಾವು ಎಷ್ಟು ಕುಣಿದ್ವಿ. ಮ್ಯಾಚ್ ಏನಾಗಿತ್ತು ನೆನಪಿದ್ಯಾ? ಚೀನಾದ ವಾಂಗ್ ಶಿನ್ 21-18ರಲ್ಲಿ ಮೊದಲ ಗೇಮ್ ಗೆದ್ದಿದ್ಳು, ಎರಡನೇದ್ರಲ್ಲಿ 1-0, ಮೊಣಕಾಲು ಕೈಕೊಡ್ತು, ಬಿಟ್ಕೊಟ್ಳು. ನಾವು ವಾಂಗ್ ಶಿನ್ ಬಗ್ಗೆ ಒಂದು ಮಾತಾದ್ರೂ ಆಡಿದ್ವಾ? ಸೈನಾದ್ದೇನೂ ತಪ್ಪಿಲ್ಲ, ಅವಳು ಅಲ್ಲಿ ತನಕ ಬರೋಕೆ ಎಷ್ಟು ಜನರನ್ನ ಸೋಲಿಸಿದ್ಳು, ಪದಕ ಅವಳ್ದೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದ್ರೂ. ಆಮೇಲೆ ರಿಯೊದಲ್ಲಿ ಲಿ ಶುಯೆರುಯಿ, ಆಗ ನೆಟ್ಟಿನ ಆ ಕಡೆ ಇದ್ದವಳು ಮರಿನ್. ಎಂಟು ವರ್ಷಕ್ಕೆ ಅದೇ ಸೆಮಿಫೈನಲ್‌ನಲ್ಲಿ ಚೀನಾದವಳ ಎದುರೇ ಮರಿನ್‌ಗೆ ಹಿಂಗಾಯ್ತು.

ಇನ್ನು ಪ್ಯಾರಿಸ್ ಫೈನಲ್ ಎದುರಾಳಿ ಕೊರಿಯಾದ ಆನ್ ಸೆ-ಯಂಗ್, ಅವಳದ್ದೂ ಮೊಣಕಾಲೇ! ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಬಲ ಮೊಣಕಾಲಿಗೆ ಪೆಟ್ಟಾಗಿ, ಪಟ್ಟಿ ಸುತ್ಕೊಂಡೇ ಚೆನ್ ಯುಫೇನ ಸೋಲಿಸಿ ಚಿನ್ನ ತಗೊಂಡಿದ್ಳು. ಪ್ಯಾರಿಸ್‌ನಲ್ಲಿ 21-13, 21-16, ಬಿಂಗ್‌ಜಿಯಾವೊಗೆ ಏನೂ ಮಾಡೋಕೆ ಆಗ್ಲಿಲ್ಲ, ಆ ಕೊರಿಯಾ ಹುಡುಗಿ ಏನ್ ಹೊಡೆದ್ರೂ ವಾಪಸ್ ಕಳಿಸ್ತಾಳೆ, ಗೋಡೆ ಜೊತೆ ಆಡ್ದಂಗೆ. ಚಿನ್ನ ಗೆದ್ದ ಬೆನ್ನಿಗೇ, ನನ್ ಗಾಯನ ಸರಿಯಾಗಿ ನೋಡ್ಕೊಳ್ಲಿಲ್ಲ ಅಂತ ಅವಳು ತನ್ನ ದೇಶದ ಸಂಸ್ಥೆ ಮೇಲೇ ಬಹಿರಂಗವಾಗಿ ಸಿಡಿದಿದ್ದು ಬೇರೆ ಕಥೆ, ಸಿಕ್ಕಾಗ ಹೇಳ್ತೀನಿ.

ಆಮೇಲೆ ಪೋಡಿಯಂ. ಬೆಳ್ಳಿ ಪದಕ ಹಾಕ್ಕೊಂಡು ನಿಂತಿದ್ದ ಬಿಂಗ್‌ಜಿಯಾವೊ ಕೈಯಲ್ಲಿ ಚಿಕ್ಕದೊಂದು ಪಿನ್, ಸ್ಪೇನ್ ಒಲಿಂಪಿಕ್ ಟೀಮಿನ ಪಿನ್, ಸ್ಪೇನ್ ಕಡೆಯವರೇ ಅವಳಿಗೆ ಕೊಟ್ಟಿದ್ದು. ಫೋಟೊ ತೆಗೆಯುವಾಗ ಪದಕದ ಜೊತೆ ಅದನ್ನೂ ಎತ್ತಿ ತೋರಿಸಿದ್ಳು. ಮರಿನ್ ಅಲ್ಲಿರ್ಲಿಲ್ಲ, ಕಂಚಿನ ಮ್ಯಾಚ್ ಆಡೋಕೆ ಆಗದೆ ಆ ಪದಕ ಇಂಡೊನೇಷ್ಯಾದ ಗ್ರೆಗೋರಿಯಾಗೆ ಹೋಗಿತ್ತು. ಕೇಳಿದವರಿಗೆ ಬಿಂಗ್‌ಜಿಯಾವೊ ಹೇಳಿದ್ದು ಇಷ್ಟೇ, ಮರಿನ್‌ನ ಮನೋಬಲನ ಫೈನಲ್‌ಗೂ ತಗೊಂಡು ಬರೋಣ ಅಂದ್ಕೊಂಡೆ ಅನ್ನೋ ಅರ್ಥದ ಮಾತು. ದೊಡ್ಡ ಭಾಷಣ ಏನಿಲ್ಲ.

ಆ ಫೋಟೊನ ನಾನು ಎಷ್ಟು ಸಲ ಜೂಮ್ ಮಾಡಿ ನೋಡಿದೀನೋ. ಪಿನ್ ಕಾಣಿಸೋದೇ ಕಷ್ಟ, ಎರಡು ಬೆರಳ ನಡುವೆ ಇದೆ. ಅವಳ ಹಳೇ ಟೈಟಲ್‌ಗಳೆಲ್ಲ ಯಾರಿಗೂ ನೆನಪಿಲ್ಲ, ಯಾರನ್ನೇ ಕೇಳು, ಆ ಪಿನ್ ಹುಡುಗಿ ಅಂತಾರೆ. ನನಗೆ ಅದು ಸ್ವಲ್ಪ ಬೇಜಾರೇ. ಚೆನ್ ಯುಫೇ ಎದುರು ಆಡಿದ ಆಟಕ್ಕೂ ಒಂದು ಹೆಸರು ಸಿಗ್ಬೇಕಿತ್ತು.

2024ರ ಅಕ್ಟೋಬರ್‌ನಲ್ಲಿ, ಇನ್ನು ಇಂಟರ್‌ನ್ಯಾಷನಲ್ ಆಡಲ್ಲ ಅಂತ ಹೇಳಿಬಿಟ್ಳು. ಇಪ್ಪತ್ತೇಳು ವರ್ಷ. ನೀನೂ ನಾನೂ ಇಪ್ಪತ್ತೇಳರಲ್ಲಿ ಮೊದಲ ಸಲ ಒಳ್ಳೇ ರಾಕೆಟ್ ತಗೊಂಡಿದ್ವಿ, ನೆನಪಿದ್ಯಾ, ಅದೂ ಇಎಂಐನಲ್ಲಿ.

ಈಗ ಇದೆಲ್ಲ ಯಾಕೆ ಬರೆದೆ ಅಂತ ನಿನಗೆ ಗೊತ್ತಾಗಿರುತ್ತೆ. ನಮ್ ಲೇಔಟ್ ಟೂರ್ನಮೆಂಟೂ ಒಲಿಂಪಿಕ್ಸೂ ಒಂದೇ ಅಂತ ಹೇಳ್ತಿಲ್ಲ, ನಗ್ಬೇಡ. ಅವಳು ಆವತ್ತು ತಕ್ಷಣ ಮರಿನ್ ಹತ್ರ ಹೋದ್ಳು. ನಾನು ನೀನು ಬಿದ್ದಾಗ ಏನ್ ಮಾಡಿದೆ ಅಂದ್ರೆ, ಶಟ್ಲ್ ಔಟಾ ಇನ್ನಾ ಅಂತ ಲೈನ್ ನೋಡ್ತಿದ್ದೆ. ಒಂದೆರಡು ಸೆಕೆಂಡು ಅಷ್ಟೇ, ನೀನು ಗಮನಿಸಿರೋದೂ ಇಲ್ಲ, ನೋವಲ್ಲಿದ್ದೆ. ಆದ್ರೆ ನಾನು ನೋಡ್ತಿದ್ದೆ. ಇನ್ ಆಗಿತ್ತು ಕಣೋ, ಲೈನ್ ಮೇಲೆ. ನಿನ್ ಪಾಯಿಂಟ್. ಅಂಪೈರ್‌ಗೆ ನಾನು ಹೇಳ್ಲಿಲ್ಲ, ಆಮೇಲೆ ಯಾರೂ ಕೇಳ್ಲೂ ಇಲ್ಲ. ಆಸ್ಪತ್ರೆಗೆ ನಿನ್ನ ನೋಡೋಕೆ ಬರದೇ ಇದ್ದಿದ್ದಕ್ಕೆ ಆಫೀಸ್ ಕೆಲಸ ಅಂದಿದ್ದು ಸುಳ್ಳು.

ಶನಿವಾರ ಬರ್ತೀನಿ. ಕಪ್ ತರಲ್ಲ, ಹೆದರ್ಬೇಡ. ಫಿಸಿಯೊ ಹೇಳಿದ ಆ ರಬ್ಬರ್ ಬ್ಯಾಂಡ್ ಸಿಕ್ತು, ಎರಡು ಥರ ತಗೊಂಡಿದೀನಿ, ಹಳದಿದು ಸಡಿಲ, ಕೆಂಪು ಬಿಗಿ. ಆಂಟಿಗೆ ಹೇಳು ಊಟಕ್ಕೆ ಇರ್ತೀನಿ ಅಂತ. ಆಮೇಲೆ ನಿನ್ ಕಿಟ್ ಬ್ಯಾಗ್ ಆವತ್ತಿಂದ ನನ್ ಹತ್ರನೇ ಇದೆ, ರಾಕೆಟ್ ಗ್ರಿಪ್ ಕಿತ್ತು ಹೋಗಿದೆ, ನೀನು ಎಡಗೈಗೆ ಯಾವ ಕಡೆಯಿಂದ ಸುತ್ತಿಸ್ತೀಯ, ಹೇಳು, ಅಂಗಡಿಯವನು ಕೇಳ್ತಿದಾನೆ.

ನಿನ್ನ,
ನೆಟ್ಟಿನ ಈ ಕಡೆಯವನು